ಎತ್ತಿಟ್ಟ ಮಾತ್ರೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಟೈಲರಮ್ಮನ ಅಂಗಡಿಯಲ್ಲಿ ಆ ಗಾದೆಯ ಬೇಳೆ ಬೇಯುತ್ತಿರಲಿಲ್ಲ. ಎರಡು ಹೊಲಿಗೆ ಯಂತ್ರ ಅಕ್ಕಪಕ್ಕ, ಒಂದರಲ್ಲಿ ಅವಳು, ಇನ್ನೊಂದರಲ್ಲಿ ಸೊಸೆ. ಹೊಲಿಯುವ ಬಟ್ಟೆಗಿಂತ ಇಬ್ಬರ ಹರಟೆಯೇ ಉದ್ದ. ಸೊಸೆಯನ್ನು ಅಂಗೈಯಲ್ಲಿಟ್ಟು ನೋಡಿಕೊಂಡವಳು ಟೈಲರಮ್ಮ. ಹಾಗೆಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡವಳೂ ಹೌದು.

ಆ ಸೊಸೆಗೆ ಮೂರು ಸಲ ಬಸಿರು ನಿಂತು ಮೂರು ಸಲವೂ ಇಳಿದುಹೋಗಿತ್ತು. ಈಗ ನಾಲ್ಕನೆಯದು. ಇದಾದರೂ ಉಳಿಯಲಿ ಎಂದು ಟೈಲರಮ್ಮ ತಾನೇ ಮುಂದಾಗಿ ಹೊಸ ಡಾಕ್ಟರಮ್ಮನ ಹತ್ತಿರ ಕರೆತಂದಿದ್ದಳು.

ಡಾಕ್ಟರಮ್ಮ ರಕ್ತಪರೀಕ್ಷೆಯ ರಿಪೋರ್ಟ್ ನೋಡಿದರು, ಸೊಸೆಯ ಕತ್ತು ಮುಟ್ಟಿ ನೋಡಿದರು. ಥೈರಾಯ್ಡ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿಲ್ಲವೇ ಎಂದು ಕೇಳಿದರು. ತೆಗೆದುಕೊಳ್ಳುತ್ತಿದ್ದೆ, ಬಸುರಿ ಎಂದು ತಿಳಿದ ಮೇಲೆ ಬಿಟ್ಟೆ ಎಂದಳು ಸೊಸೆ. ಹಿಂದಿನ ಮೂರು ಸಲವೂ ಹಾಗೆಯೇ ಮಾಡಿದ್ದಳಂತೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಮಗು ಬೆಳೆಯೋಕೆ ಆ ಮಾತ್ರೆ ಬೇಕೇ ಬೇಕಮ್ಮ. ಬಸುರಿ ಆದಾಗ ಇನ್ನೂ ಜಾಸ್ತಿ ಬೇಕಾಗುತ್ತೆ. ಬಿಟ್ರೆ ಗರ್ಭ ನಿಲ್ಲೋದೇ ಕಷ್ಟ. ಬಿಡು ಅಂದೋರು ಯಾರು?"

ಟೈಲರಮ್ಮನಿಗೆ ಮನೆಯ ಬೀರು ಕಣ್ಣಮುಂದೆ ಬಂತು. ಬಸುರಿಯ ಹೊಟ್ಟೆಗೆ ಮಾತ್ರೆ ವಿಷ ಎಂದು ಪ್ರತಿ ಸಲವೂ ಡಬ್ಬಿ ಎತ್ತಿ ಬೀರುವಿನಲ್ಲಿಟ್ಟವಳು ತಾನೇ. ಬಸಿರು ಹೋದಾಗಲೆಲ್ಲ ಯಂತ್ರ ತುಳಿದದ್ದಕ್ಕೇ ಹೀಗಾಯಿತು ಎಂದು ಆ ಹುಡುಗಿಯನ್ನು ಗದರಿದವಳೂ ತಾನೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿಗೆ ಅದು ಗೊತ್ತೇ ಇರಲಿಲ್ಲ.

"ಯಾರೂ ಅಲ್ಲ, ನಾನೇ ಬಿಟ್ಟೆ," ಎಂದಳು ಸೊಸೆ, ಅತ್ತೆಯ ಕಡೆ ನೋಡದೆ.

ಟೈಲರಮ್ಮನಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಈ ಸುಳ್ಳನ್ನು ತಡೆಯಲಾಗಲಿಲ್ಲ.

"ಇಲ್ಲ ಡಾಕ್ಟ್ರೇ. ಬಿಡಿಸಿದ್ದು ನಾನು. ಮೂರು ಸಲಾನೂ. ಈ ಸಲಾನೂ."

ಡಾಕ್ಟರಮ್ಮ ಯಾರನ್ನೂ ಗದರಲಿಲ್ಲ. ಈ ಸಲ ಇನ್ನೂ ಕಾಲ ಮಿಂಚಿಲ್ಲ, ಇವತ್ತಿನಿಂದಲೇ ಶುರು ಮಾಡಬೇಕು ಎಂದು ಬರೆಯತೊಡಗಿದರು. ಆಗ ಸೊಸೆ ತಲೆ ಎತ್ತಿದಳು.

"ಹಾಗಾದ್ರೆ ಆ ಮೂರೂ ಉಳೀತಿದ್ವಾ?"

ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರಮ್ಮ, ಉಳಿಯುತ್ತಿದ್ದವೇನೋ ಎಂದೂ ಅಂದರು. ಸೊಸೆ ಅದನ್ನು ಕೇಳಿಸಿಕೊಳ್ಳುತ್ತ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.