ಎಮ್ಮೆಯ ಕಣ್ಣೊಳಗೆ

ತಮ್ಮನ ಫೋಟೋ ತೆಗೆಯಲು ದೌಲತರಾಯ ಮೊಬೈಲ್ ಎತ್ತಿ ಹಿಡಿದಿದ್ದ. ಜಯಮಾಲಾ ಎದ್ದು ಬಂದು ಅದಕ್ಕೆ ಅಂಗೈ ಅಡ್ಡ ಇಟ್ಟಳು.

“ಕಣ್ಣ ಮುಚ್ಚಿದ ಫೋಟೋ ಬ್ಯಾಡ್ರಿ, ಭಾವಾರ.”

ಅವಳ ಗಂಡ ಗುರುಪಾದ ಹಣೆತುಂಬ ವಿಭೂತಿ ಬಳಿಸಿಕೊಂಡು ಗೋಡೆಗೊರಗಿ ಕೂತಿದ್ದ. ಬದುಕಿದ್ದಾಗ ಒಂದು ಗಳಿಗೆ ಹೀಗೆ ಕೂತವನಲ್ಲ. ಆಳಂದದಲ್ಲಿ ಮನೆಯ ಮುಂದಿನ ಖೋಲಿಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ಮದುವೆ, ಬಸುರಿಯರ ಕುಬುಸದ ಫೋಟೋ ಹೊಟ್ಟೆಪಾಡಿಗೆ. ಜೀವವೆಲ್ಲ ದನಗಳ ಫೋಟೋ ಮೇಲೆ. ದೀಪದ ಬುಡದಲ್ಲಿ ಕತ್ತಲೆ ಎಂಬಂತೆ, ಅವನದೇ ಒಂದು ಫೋಟೋ ಮನೆಯಲ್ಲಿರಲಿಲ್ಲ. ಮದುವೆಯದರಲ್ಲಿ ಬಾಸಿಂಗದ ಎಳೆಗಳು ಮುಖ ಮುಚ್ಚಿದ್ದವು. ಆಧಾರ್ ಕಾರ್ಡಿನದು ನಾನಲ್ಲ ಎಂದು ಅವನೇ ನಗುತ್ತಿದ್ದ.

ಇನ್ನು ಮಣ್ಣು ಕೊಟ್ಟು ಬಂದರೆ ಆ ಗೋಡೆ ಖಾಲಿಯಾಗಿಯೇ ಉಳಿಯುವುದು. ವರುಷ ಕಳೆಯುವಷ್ಟರಲ್ಲಿ ಆ ಮುಖವೇ ಮರೆತುಹೋದರೆ ಎಂಬ ಹೆದರಿಕೆ ಜಯಮಾಲಾಳ ಎದೆ ಹಿಂಡುತ್ತಿತ್ತು.

ಮಣ್ಣಿಗೆ ಬಂದವರಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಮಾರುವ ಲಾಡ್ಲೆಸಾಬನೂ ಇದ್ದ. ಗುರುಪಾದನ ಗುಣ ಹೇಳಿ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದ.

“ಬ್ಯಾರೇದವರು ತಗದರ ನನ್ನ ಎಮ್ಮಿ ಇದ್ದಲಿ ಒಟ್ಟಿದಂಗ ಕಾಣ್ತಿತ್ತು. ಗುರುಪಾದಣ್ಣ ಅದರ ಕಣ್ಣಾಗ ಜೀವ ತುಂಬಿದ.”

ಕಣ್ಣು ಎಂದದ್ದೇ ತಡ, ಜಯಮಾಲಾ ತಲೆ ಎತ್ತಿದಳು.

*

ಕಪ್ಪು ಎಮ್ಮೆಯ ಫೋಟೋ ತಿದ್ದುವುದನ್ನು ಗುರುಪಾದ ಅವಳಿಗೂ ಕಲಿಸಿದ್ದ. ಅವಳ ಕೈ ಮೇಲೆ ಕೈಯಿಟ್ಟು ಮೌಸ್ ಆಡಿಸುತ್ತಿದ್ದ. ಕೋಡಿನ ಅಂಚು, ಬೆನ್ನಿನ ಗೆರೆ ಚೂರು ಬೆಳಗಾಗಬೇಕು, ಹಿಂದಿನ ಗೋಡೆ ಕಪ್ಪಾಗಬೇಕು. ಆಗ ಎಮ್ಮೆ ಕತ್ತಲಿನಿಂದ ಎದ್ದು ಬಂದು ಮುಂದೆ ನಿಲ್ಲುತ್ತಿತ್ತು. ಕಡೆಗೆ ಕಣ್ಣಿಗೆ ಬಂದು, ಅದರೊಳಗೆ ಸಣ್ಣದಾಗಿ ಬಿದ್ದ ತನ್ನದೇ ಪ್ರತಿಬಿಂಬವನ್ನು ಕಪ್ಪು ಮಾಡಿ ಅಳಿಸಿಬಿಡುತ್ತಿದ್ದ.

“ನಿಮ್ಮನ್ನ ನೀವೇ ಯಾಕ ಅಳಸ್ತೀರಿ?” ಎಂದು ಅವಳು ಒಮ್ಮೆ ಕೇಳಿದ್ದಳು.

“ಕಣ್ಣು ಎಮ್ಮೀದು ಬೇ. ಅದರಾಗ ನಂದೇನ ಕೆಲಸ?”

*

ಗಂಡನ ಹೆಣ ಪಡಸಾಲೆಯಲ್ಲಿರುವಾಗ ಹೆಂಡತಿ ಕಂಪ್ಯೂಟರ್ ಮುಂದೆ ಕೂತದ್ದು ಯಾರಿಗೂ ಸರಿಬರಲಿಲ್ಲ. ದೌಲತರಾಯ ಬಾಗಿಲಿಗೆ ಬಂದು, ಹೆಣ ಹೊರುವ ವಿಮಾನ ಕಟ್ಟಿದ್ದಾಗಿದೆ, ಮಟಕಿ ದಾರಿಯ ಹೊಲದಲ್ಲಿ ಕುಣಿಯೂ ತೋಡಿದ್ದಾಗಿದೆ, ಹೊತ್ತು ಮುಳುಗುವುದರೊಳಗೆ ಎತ್ತಬೇಕು ಎಂದ. ಅವಳಿಗೆ ಕೇಳಿಸಲೇ ಇಲ್ಲ.

ಲಾಡ್ಲೆಸಾಬನ ಎಮ್ಮೆಯ ತಿದ್ದದ ಫೋಟೋ ತೆಗೆದು, ಅದರ ಕಣ್ಣನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿದಳು. ಅದು ರಾತ್ರಿಯ ಬಾವಿಯ ಹಾಗೆ ಹರಡಿಕೊಂಡಿತು. ಅಲ್ಲಿಷ್ಟು ಇಲ್ಲಿಷ್ಟು ಬೆಳಕು ಸವರಿದಳು. ಹೊರಗಿನ ಭಜನೆ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಮೊದಲು ಬಾಗಿದ ಆಕಾಶ ಬಂತು, ಆಮೇಲೆ ಬೇವಿನ ಗಿಡ, ಆಮೇಲೆ ಮೊಣಕಾಲೂರಿದ ಗುರುಪಾದ. ಮುಖಕ್ಕೆ ಕ್ಯಾಮೆರಾ ಅಡ್ಡ ಇತ್ತು. ಇನ್ನಷ್ಟು ಬೆಳಕು ಹಚ್ಚಿದರೆ ಬರೀ ಚುಕ್ಕೆಗಳೆದ್ದವು. ಅವಳು ಬಿಕ್ಕಿ ಅತ್ತಳು.

ಕಣ್ಣೊರೆಸಿಕೊಂಡು ನೋಡಿದರೆ, ಅವನ ಪಕ್ಕದಲ್ಲಿ ಏನೋ ಬೆಳ್ಳಗಿತ್ತು. ಸುತ್ತಲಿನದನ್ನು ಕಪ್ಪು ಮಾಡುತ್ತ ಬಂದಳು. ಅದು ಧೋತರ, ಎಮ್ಮೆಯ ಮೈಗೆ ಬಿಸಿಲು ಚೆಲ್ಲಲೆಂದು ಅಂದು ಅವಳೇ ಪಕ್ಕದಲ್ಲಿ ನಿಂತು ಹರವಿ ಹಿಡಿದದ್ದು. ಗಾಳಿಗೆ ಅದು ಹಾರದಂತೆ ಅವನ ಒಂದು ಕೈ ಅದರ ತುದಿ ಹಿಡಿದುಕೊಂಡಿತ್ತು.

ಅದರ ಪ್ರಿಂಟ್ ತೆಗೆದು, “ಈಗ ಎತ್ರಿ, ಭಾವಾರ,” ಎಂದಳು.

ವಿಮಾನದ ಮುಂದೆ ಲಾಡ್ಲೆಸಾಬ ಆ ಫೋಟೋ ಎದೆಯ ಮುಂದೆ ಹಿಡಿದು ನಡೆದ. ಸತ್ತವನನ್ನು ನೋಡಲು ಬಂದವರು ಬಗ್ಗಿ ಬಗ್ಗಿ ಎಮ್ಮೆಯ ಕಣ್ಣೊಳಗೆ ಇಣುಕುತ್ತಿದ್ದರು. ಅಲ್ಲಿ ಒಬ್ಬ ಗಂಡ, ಒಬ್ಬ ಹೆಂಡತಿ, ಗಾಳಿಗೆ ಉಬ್ಬಿದ ಒಂದೇ ಬಟ್ಟೆಯನ್ನು ಹಿಡಿದುಕೊಂಡಿದ್ದರು.