ಬಾಗಿಲ ಮುಂದಿನ ಬಚ್ಚಲು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನವರು ಊರ ಅಂಚಿನ ತಮ್ಮ ಎರಡು ಎಕರೆ ಹೊಲವನ್ನು ಕಾಯಿಯ ತೊಟ್ಟು ಬಿಡಿಸುವ ಕೂಲಿ ಹೆಂಗಸರ ಮನೆಗಳಿಗೆಂದು ಬಿಟ್ಟುಕೊಟ್ಟರು. ಮನೆ ಕಟ್ಟುವ ಹಣ ಸರ್ಕಾರದ್ದು. ನಕ್ಷೆ ಬರೆಯುವ ಕೆಲಸ ರಾಣೆಬೆನ್ನೂರಿನ ಜ್ಯೋತ್ಸ್ನಾಳ ಪಾಲಿಗೆ ಬಂತು. ಅದು ಎರಡು ಸಾವಿರದ ಆರರ ಜನವರಿ.

ಸ್ಟೇಶನ್ ರಸ್ತೆಯಲ್ಲಿ, ಬೀಜದ ಅಂಗಡಿಯೊಂದರ ಮೇಲೆ, ಅವಳದು ಒಂದೇ ಕೋಣೆಯ ಆಫೀಸು. ಅಲ್ಲಿಯವರೆಗೆ ಅವಳ ಕೈಯಿಂದ ಆಗಿದ್ದು ಬೀಜದ ವ್ಯಾಪಾರಿಗಳ ಎರಡಂತಸ್ತಿನ ಮನೆಗಳು, ಮೂರು ಕಲ್ಯಾಣ ಮಂಟಪ, ಒಂದು ನರ್ಸಿಂಗ್ ಹೋಮು. ಬಡವರಿಗೆ ಒಳ್ಳೆಯ ಮನೆ ಕಟ್ಟಬೇಕೆಂಬುದು ಕಾಲೇಜಿನ ಕಾಲದ ಆಸೆ. ಆ ಆಸೆಯನ್ನು ಅವಳೊಬ್ಬಳೇ ಪಟ್ಟಿರಲಿಲ್ಲ.

ಮೊದಲ ಸಭೆ ಪ್ರಭುಲಿಂಗಪ್ಪನವರ ಅಡತಿ ಅಂಗಡಿಯಲ್ಲಿ. ಸರ್ಕಾರದ ಕಡೆಯ ಎಂಜಿನಿಯರು ಜೀಪಿನಿಂದ ಇಳಿದು, ಚಪ್ಪಲಿ ಬಿಟ್ಟು, ಬಾಗಿಲಲ್ಲಿ ಸ್ವಲ್ಪ ತಲೆ ಬಗ್ಗಿಸಿ ಒಳಗೆ ಬಂದಾಗ ಅವಳಿಗೆ ಮುಖ ನೋಡುವ ಮೊದಲೇ ಗುರುತು ಹತ್ತಿತು. ಎತ್ತರದ ಮನುಷ್ಯ ಎಲ್ಲ ಬಾಗಿಲಲ್ಲೂ ಹಾಗೆ ಬಗ್ಗುತ್ತಿದ್ದ, ಬಗ್ಗುವ ಅಗತ್ಯವಿಲ್ಲದ ಕಡೆಯೂ. ಶಶಿಕಾಂತ.

"ನಮಸ್ಕಾರ್ರಿ," ಎಂದ ಅವನು.

"ನಮಸ್ಕಾರ," ಎಂದಳು ಅವಳು. ಹನ್ನೊಂದು ವರ್ಷಗಳ ಮೇಲೆ ಅವರಿಬ್ಬರು ಆಡಿದ ಮೊದಲ ಮಾತು ಅದು.

ಜ್ಯೋತ್ಸ್ನಾಳ ತವರು ಹಾವೇರಿ. ಶಶಿಕಾಂತನದು ಪಕ್ಕದ ಹಳ್ಳಿ ಅಗಡಿ; ಒಕ್ಕಲುತನದ ಮನೆ. ಅವನು ಸೈಕಲ್ಲಿನಲ್ಲಿ ಹಾವೇರಿ ಸ್ಟೇಶನ್ನಿಗೆ ಬಂದು, ಅವಳು ಹತ್ತುವ ಪ್ಯಾಸೆಂಜರ್ ಗಾಡಿಯನ್ನೇ ಹತ್ತುತ್ತಿದ್ದ. ಹುಬ್ಬಳ್ಳಿಯ ಒಂದೇ ಕಾಲೇಜು. ಅವನು ಸಿವಿಲ್, ಅವಳು ಆರ್ಕಿಟೆಕ್ಚರ್. ಗಾಡಿಯ ಕಿಟಕಿಯಾಚೆ ಹಾಯುವ ಊರುಗಳ ಅಂಚಿನ ಗುಡಿಸಲುಗಳನ್ನು ನೋಡುತ್ತ, ಇಷ್ಟೇ ಜಾಗದಲ್ಲಿ ಗಾಳಿ ಬೆಳಕು ಹೇಗೆ ತರಬಹುದು ಎಂದು ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆಯುತ್ತಿದ್ದರು. ಅವನು ಗೋಡೆ ಎಳೆದರೆ ಅವಳು ಅಳಿಸಿ ಕಿಟಕಿ ಮಾಡುವಳು. ಹಾಗೇ ನಾಲ್ಕು ವರ್ಷ ಕಳೆದವು.

ತೊಂಬತ್ತೈದರಲ್ಲಿ ಅವನು ಅವಳ ಮನೆಗೇ ಬಂದ. ತಂದೆ ಅಣ್ಣಾಜಿ ವಕೀಲರು ಅವನನ್ನು ಕುರ್ಚಿಯಲ್ಲಿ ಕೂಡಿಸಿ, ಎಲ್ಲವನ್ನೂ ಕೇಳಿದರು. ಸಿಟ್ಟಾಗಲಿಲ್ಲ. ಜಾತಿಯ ಮಾತನ್ನೂ ಎತ್ತಲಿಲ್ಲ. ಕೊನೆಗೆ ಬಾಗಿಲ ಹತ್ತಿರ ನಿಂತ ಮಗಳ ಕಡೆ ತಿರುಗಿ, "ಹೇಳವ್ವಾ, ನಿನ್ನ ಮನಸ್ಸಿನ್ಯಾಗ ಏನದ?" ಎಂದರು. ತಿಂಗಳುಗಟ್ಟಲೆ ಹೊಂದಿಸಿಟ್ಟುಕೊಂಡ ಮಾತು ಅವಳ ಬಾಯಿಗೆ ಬರಲಿಲ್ಲ. ಅಡುಗೆಮನೆಯಲ್ಲಿ ತಾಯಿಯ ಬಳೆ ಸದ್ದು ನಿಂತಿತ್ತು. ಅವಳು ನೆಲ ನೋಡುತ್ತ ನಿಂತಳು. ಶಶಿಕಾಂತ ಬಹಳ ಹೊತ್ತು ಕಾದ, ತಂಬಿಗೆಯ ನೀರು ಕುಡಿದ, "ಬರ್ತೇನ್ರಿ" ಎಂದು ಎದ್ದುಹೋದ. ತಂದೆ ಅವಳ ಮೌನವನ್ನು ಒಲ್ಲೆ ಎಂದೇ ತಿಳಿದರು. ಅವನೂ ಹಾಗೇ ತಿಳಿದ. ಆಮೇಲೆ ಬಂದ ಸಂಬಂಧಗಳಿಗೆಲ್ಲ ಅವಳು ಬಾಯಿಬಿಟ್ಟು ಒಲ್ಲೆ ಎಂದಳು. ಒಲ್ಲೆ ಎನ್ನಲು ಅವಳಿಗೆ ಎಂದೂ ಕಷ್ಟವಾಗಲಿಲ್ಲ.

ಸರ್ಕಾರದ ಮಾದರಿ ನಕ್ಷೆ ಎಲ್ಲ ಊರಿಗೂ ಒಂದೇ: ಮುಂದೆ ಒಂದು ಕೋಣೆ, ನಡುವೆ ಅಡುಗೆ, ಹಿಂದೆ ಬಚ್ಚಲು, ಪಾಯಖಾನೆ. ಜ್ಯೋತ್ಸ್ನಾ ಅದನ್ನೇ ತಿದ್ದಿ, ಎರಡು ಮನೆಗಳ ನಡುವೆ ಒಂದೇ ಗೋಡೆ ಇಟ್ಟು, ಉಳಿದ ಇಟ್ಟಿಗೆಯಲ್ಲಿ ಮುಂದೊಂದು ಕಟ್ಟೆ, ಮೇಲೆ ಗಾಳಿಕಿಂಡಿ ಕೂಡಿಸಿದ್ದಳು. ಕಾಗದ ತೋರಿಸಿದರೆ ಹೆಂಗಸರಿಗೆ ತಿಳಿಯುವುದಿಲ್ಲವೆಂದು, ಗೌಂಡಿ ಮೌಲಾಸಾಬನಿಂದ ಹೊಲದಲ್ಲಿ ಸುಣ್ಣದ ಪುಡಿಯ ಗೆರೆ ಹಾಕಿಸಿ, ಇಡೀ ಮನೆಯನ್ನು ಅದರ ನಿಜವಾದ ಅಳತೆಯಲ್ಲಿ ನೆಲದ ಮೇಲೆ ಬರೆಸಿದಳು. ಮೆಣಸಿನಕಾಯಿ ಹರಾಜಿನ ಪೇಟೆ ಇಲ್ಲದ ದಿನ ನೋಡಿ ಹೆಂಗಸರನ್ನು ಕರೆದರು.

ಅವರು ಬಂದು ಗೆರೆಯ ಮನೆಯಲ್ಲಿ ಓಡಾಡಿದರು. ಒಬ್ಬಳು ಕೋಣೆಯಲ್ಲಿ ಉದ್ದಕ್ಕೆ ಮಲಗಿ, "ಕಾಲು ಅಡಗಿಮನಿಗೆ ಹೋಗಾಕತ್ತಾವು!" ಎಂದು ಎಲ್ಲರನ್ನೂ ನಗಿಸಿದಳು. ಜ್ಯೋತ್ಸ್ನಾ ಅದನ್ನು ಬರೆದುಕೊಂಡಳು. ಆದರೆ ಕರೆವ್ವ ಎಂಬ ಹೆಂಗಸು ಮಾತ್ರ ಬಾಗಿಲಿನ ಗೆರೆಯ ಹೊರಗೇ ನಿಂತಿದ್ದಳು. ಐವತ್ತರ ಹತ್ತಿರದ ವಯಸ್ಸು, ಬೆರಳ ತುದಿಗಳು ಸುಟ್ಟ ಹಾಗೆ ಕಪ್ಪಗೆ.

"ಬಾ ಕರೆವ್ವಾ, ಒಳಗ ಬಾ," ಎಂದಳು ಜ್ಯೋತ್ಸ್ನಾ.

"ಚಂದ ಐತ್ರಿ ಅಕ್ಕಾರ. ಖರೇ, ಕೈ ಎಲ್ಲಿ ತೊಳ್ಕೊಂಡು ಒಳಗ ಬರೂದ್ರಿ?"

"ಹಿಂದ ಬಚ್ಚಲ ಅದಲ್ಲ."

"ಹಿಂದಕ ಹೋಗೂದ್ರಾಗ ಮನಿಯೆಲ್ಲಾ ಘಾಟ ಆಕ್ಕೈತ್ರಿ. ಬಾಗಲಾ ಮುಟ್ಟಬೇಕು, ಚಿಲಕ ಮುಟ್ಟಬೇಕು, ಕೊಡಾ ಮುಟ್ಟಬೇಕು. ಆಮ್ಯಾಲೆ ಕೂಸು ಅದನ್ನ ಮುಟ್ಟಿ ಕಣ್ಣು ತಿಕ್ಕೋತೈತಿ."

ಉಳಿದವರ ನಗು ನಿಂತಿತು. ಕರೆವ್ವ ಯಾರ ಮುಖವನ್ನೂ ನೋಡದೆ ಹೇಳಿದಳು: "ನನ್ನ ಮಗಳು ಸಣ್ಣಾಕಿದ್ದಾಗ, ನಾ ಬರೂದ ಕಂಡ್ರ ಓಡಿ ಬಂದು ಕಾಲು ತೆಕ್ಕಿಬಡೀತಿದ್ಲು. ನಾ ಎರಡೂ ಕೈ ಮ್ಯಾಲೆ ಎತ್ತಿ ನಿಂದರತಿದ್ದೆ, ಮುಟ್ಟಬಾರ್ದಲ್ಲ. ಓಣಿ ನಳಕ್ಕ ಹೋಗಿ ಕೈ ತೊಳದು, ಎಣ್ಣಿ ಹಚ್ಚಿ, ಉರಿ ಆರಿಸ್ಕೊಂಡು ಬರೂದ್ರಾಗ ಅತ್ತು ಅತ್ತು ಮಲಗಿಬಿಡ್ತಿದ್ಲು. ಈಗ ಲಗ್ನಾ ಮಾಡಿ ಐರಣಿಗೆ ಕೊಟ್ಟೇನಿ. ಬಂದ್ರೂ ನನ್ನಿಂದ ಒಂದು ಮಾರು ದೂರನ ಕುಂದರತಾಳ್ರಿ. ರೂಢಿ ಬಿದ್ದೈತಿ."

ಜ್ಯೋತ್ಸ್ನಾ ಪೆನ್ನಿನ ಮುಚ್ಚಳ ಹಾಕಿದಳು. ಗೆರೆಯ ಆಚೆ ನಿಂತಿದ್ದ ಶಶಿಕಾಂತ ಅಳತೆಯ ಟೇಪು ಸುತ್ತಿಕೊಂಡ.

ಮುಂದಿನ ಗುರುವಾರ ಪೇಟೆ. ಅವಳು ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಬ್ಯಾಡಗಿಗೆ ಬಂದು, ಪ್ರಭುಲಿಂಗಪ್ಪನವರ ಗೋದಾಮಿನಲ್ಲಿ ಕರೆವ್ವನ ಪಕ್ಕ ಕುಳಿತು ತೊಟ್ಟು ಬಿಡಿಸತೊಡಗಿದಳು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎಂದು ಅವಳು ಕೇಳಿದ್ದಳು. ಮಧ್ಯಾಹ್ನದ ಹೊತ್ತಿಗೆ ಉಗುರಿನ ಸಂದಿಗಳಲ್ಲಿ ಉರಿ ಹತ್ತಿತು. ಸಂಜೆಯಾಗುವಷ್ಟರಲ್ಲಿ ಅಂಗೈ ಎರಡೂ ಒಲೆಯ ಮುಂದೆ ಹಿಡಿದ ಹಾಗೆ. ಹಣೆಗೆ ಬಿದ್ದ ಕೂದಲನ್ನು ಸರಿಸುವಂತಿಲ್ಲ, ಮೂಗು ತುರಿಸುವಂತಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೈಗಳನ್ನು ಮೈಯಿಂದ ದೂರ ಹಿಡಿದು ಕುಳಿತಿದ್ದಾಗ ಶಶಿಕಾಂತನ ಜೀಪು ಬಂತು. ಹೊಲದ ಅಳತೆಯ ಕಾಗದಕ್ಕೆ ಪ್ರಭುಲಿಂಗಪ್ಪನವರ ಸಹಿ ಬೇಕಿತ್ತು ಅವನಿಗೆ.

ಅವಳ ಕೈ ನೋಡಿದ. ಎದುರಿನ ಅಂಗಡಿಯಿಂದ ಚಹಾ ತಂದು ಚಾಚಿದ. ಬಿಸಿ ಗ್ಲಾಸು ಬೆರಳಿಗೆ ತಾಗಿದ್ದೇ ಅವಳು ಚಟ್ಟನೆ ಕೈ ಹಿಂದೆಗೆದಳು. ಅವನು ಒಂದು ಮೆಟ್ಟಿಲು ಕೆಳಗೆ ಕುಳಿತು, ಗ್ಲಾಸನ್ನು ಅವಳ ಬಾಯಿಯ ಹತ್ತಿರ ಹಿಡಿದ.

"ಕುಡಿ," ಎಂದ. ಸಭೆಗಳಲ್ಲಿ ಆಡುತ್ತಿದ್ದ "ರಿ" ಎಲ್ಲಿಯೋ ಬಿದ್ದುಹೋಗಿತ್ತು.

ಅವಳು ಎರಡು ಗುಟುಕು ಕುಡಿದಳು. ಅವನು ಮುಖವನ್ನು ಬೀದಿಯ ಕಡೆ ತಿರುಗಿಸಿದ್ದ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಹಮಾಲರು ಚೀಲ ಹೊತ್ತು ಹಾಯುತ್ತಿದ್ದರು. ಗಾಳಿಯೆಲ್ಲ ಕೆಂಪು ಧೂಳು.

"ಮನ್ಯಾಗ ಎಲ್ಲಾರೂ ಆರಾಮ?" ಎಂದಳು.

"ಆರಾಮ ಅದಾರ. ಹೆಂಡ್ತಿ ಶೈಲಶ್ರೀ ಹಾವೇರಿ ಸಾಲ್ಯಾಗ ಟೀಚರ. ಮಗಳು ಎರಡನೇತ್ತಾ ಓದ್ತಾಳ."

"ನಿನ್ನಂಗ ಎತ್ತರ ಆಗ್ತಾಳೇನು?"

"ಆಗ್ತಾಳ. ಈಗನ ಬಗ್ಗಿ ನಡೀತಾಳ." ಅವನು ನಕ್ಕ. ಅವಳೂ ನಕ್ಕಳು. ಚಹಾ ಮುಗಿಯಿತು. ಖಾಲಿ ಗ್ಲಾಸನ್ನು ಅವನು ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದ.

ಅವಳು ನಕ್ಷೆಯನ್ನು ಮತ್ತೆ ಮೊದಲಿನಿಂದ ಬರೆದಳು. ಸ್ನಾನದ ಕೋಣೆ, ಪಾಯಖಾನೆ ಹಿಂದೆಯೇ ಉಳಿದವು. ಕೈ ತೊಳೆಯುವ ಒಂದು ಸಣ್ಣ ಬಚ್ಚಲು ಮಾತ್ರ ಮುಂಬಾಗಿಲ ಹೊರಗೆ, ಕಟ್ಟೆಯ ಮಗ್ಗುಲಿಗೆ ಬಂತು. ಎರಡು ಮನೆಗಳ ಬಚ್ಚಲು ಒಂದಕ್ಕೊಂದು ಅಂಟಿಕೊಂಡಿದ್ದರಿಂದ ಎರಡಕ್ಕೂ ಒಂದೇ ನಳ, ಒಂದೇ ಗಟಾರು. ನಳಕ್ಕೆ ಮೊಣಕೈಯಿಂದ ಒತ್ತಿದರೆ ತೆರೆಯುವ ತೋಟಿ. ಮೊಣಕಾಲಿಂದ ತಳ್ಳಿದರೆ ಸಾಕು, ತೆರೆದುಕೊಳ್ಳುವ ಬಾಗಿಲು. ಒಳಗೋಡೆಯ ಸಿಮೆಂಟ್ ಗಿಲಾವು ಬಿಟ್ಟರೆ ಖರ್ಚು ಸರಿಹೋಗುತ್ತದೆಂದು ಶಶಿಕಾಂತ ಹೇಳಿದ, ಹೆಂಗಸರನ್ನು ಕೇಳಿದರು, ಗಿಲಾವು ನಾವೇ ಮಣ್ಣಿನಲ್ಲಿ ಮಾಡಿಕೊಳ್ಳುತ್ತೇವೆ ಎಂದರು ಅವರು.

ಪ್ರಭುಲಿಂಗಪ್ಪನವರು ಮಾತ್ರ ಒಪ್ಪಲಿಲ್ಲ.

"ನೋಡವ್ವಾ, ಭೂಮಿ ಕೊಟ್ಟಾಂವ ನಾನು. ನಾಳೆ ಅಲ್ಲಿ ಯಾರಿಗರ ಏನರ ಆದ್ರ ಜನಾ ನನ್ನ ಹೆಸರು ಹಿಡಿದು ಆಡತಾರ. ಈಶಾನ್ಯ ಮೂಲ್ಯಾಗ ಬಚ್ಚಲಾ? ಲಕ್ಷ್ಮಿ ಬರೂ ಬಾಗಲದಾಗ ಹೊಲಸ ನೀರು? ನಂಗ ಸರಿ ಅನಸೂದಿಲ್ಲ." ನಂತರ ಶಶಿಕಾಂತನ ಕಡೆ ತಿರುಗಿದರು. "ಸಾಹೇಬ್ರ, ನೀವೇನಂತೀರಿ?"

ಶಶಿಕಾಂತ ಅವಳನ್ನು ನೋಡಿದ. "ನಕ್ಷಾ ಅವರದೈತ್ರಿ. ಅವರನ್ನ ಕೇಳ್ರಿ."

ಎಲ್ಲರೂ ಅವಳ ಕಡೆ ನೋಡಿದರು. ಹಾವೇರಿಯ ಮನೆಯ ಬಾಗಿಲಲ್ಲಿ ನಿಂತ ಹಾಗೆಯೇ ಇತ್ತು. ಹಿರಿಯರೊಬ್ಬರು ಒಳ್ಳೆಯ ದನಿಯಲ್ಲಿ ಕೇಳುತ್ತಿದ್ದಾರೆ, ಅವನು ಕಾಯುತ್ತಿದ್ದಾನೆ, ಅವಳ ಕಣ್ಣು ತಾನಾಗಿಯೇ ನೆಲಕ್ಕೆ ಇಳಿಯುತ್ತಿದೆ. ಅವಳು ಪ್ರಯತ್ನಪಟ್ಟು ತಲೆ ಎತ್ತಿದಳು.

"ಸಾವಕಾರ್ರ, ನಿಮ್ಮ ಮನಿ ಬಾಗಲದಾಗ ನೀರಿನ ಹಂಡೆ ಅದ. ಬಂದವರು ಕಾಲು ತೊಳ್ಕೊಂಡು ಒಳಗ ಬರ್ಲಿ ಅಂತ ಇಟ್ಟೀರಿ. ಅದಕ್ಕ ಯಾರೂ ಹೊಲಸ ಅನ್ನೂದಿಲ್ಲ. ಈ ಹೆಂಗಸರಿಗೆ ತೊಳೀಬೇಕಾದ್ದು ಕಾಲಲ್ಲ, ಕೈ. ಈಶಾನ್ಯಕ್ಕ ನೀರಿರಬೇಕು ಅಂತ ನೀವು ನಂಬೂ ಶಾಸ್ತ್ರನ ಹೇಳ್ತದ." ಅಷ್ಟಕ್ಕೆ ನಿಲ್ಲಿಸಲಿಲ್ಲ. ಕರೆವ್ವ ಕೈ ಮೇಲೆತ್ತಿ ನಿಲ್ಲುತ್ತಿದ್ದದ್ದನ್ನು ಹೇಳಿದಳು. ಮಗು ಅಳುತ್ತ ಮಲಗುತ್ತಿದ್ದದ್ದನ್ನು ಹೇಳಿದಳು. "ತಾಯಿ ಮಗಳನ್ನ ಮುಟ್ಟಲಾರದ ಮನಿ ನಂಗ ಕಟ್ಟಲಿಕ್ಕೆ ಆಗೂದಿಲ್ರಿ. ಬ್ಯಾರೆ ಯಾರಿಂದರ ನಕ್ಷಾ ಮಾಡಸ್ರಿ," ಎಂದಳು.

ಪ್ರಭುಲಿಂಗಪ್ಪನವರು ಗಾದಿಯ ಅಂಚನ್ನು ಸವರಿದರು. ಕೊನೆಗೆ ಗುಮಾಸ್ತ ಫಕ್ಕೀರೇಶನನ್ನು ಕೇಳಿದರು, "ಕರೆವ್ವ ನಮ್ಮಲ್ಲಿ ಬಂದು ಎಷ್ಟ ವರ್ಷ ಆತೋ?"

"ಇಪ್ಪತ್ತೆರಡ್ರಿ."

"ಅಕಿಗೆ ಮಗಳದಾಳ ಅಂತನ ನಂಗ ಗೊತ್ತಿರಲಿಲ್ಲ," ಎಂದರು ಮುದುಕರು. ಆಮೇಲೆ, "ಬಚ್ಚಲಕ್ಕ ಟೊಂಕದ ಮಟಾ ಒಂದು ಗ್ವಾಡಿ ಕಟ್ಟಿ ಮರಿ ಮಾಡ್ರಿ. ನೀರು ದಾರ್ಯಾಗ ಹರೀಬಾರ್ದು. ಅಷ್ಟ ನಂದು," ಎಂದರು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಶಶಿಕಾಂತ ಜೀಪಿನ ಬಾಗಿಲು ಹಿಡಿದು ನಿಂತ.

"ಇವತ್ತ ಮಾತಾಡಿದಿ," ಎಂದ.

"ಹೂಂ." ಅವಳು ಅವನ ಮುಖವನ್ನೇ ನೋಡಿದಳು. "ಶಶಿ, ಅವತ್ತ ನಾ..."

"ಅವತ್ತಿಂದು ಬ್ಯಾಡ," ಎಂದ ಅವನು ಮೆಲ್ಲಗೆ. ಅದರಲ್ಲಿ ಸಿಟ್ಟಿರಲಿಲ್ಲ. "ಅದನ್ನ ಈಗ ಕೇಳಿದ್ರ ಮನೀಗೆ ಹೆಂಗ ಹೋಗ್ಲಿ?"

ಜೀಪು ಹೋಯಿತು. ಅವಳು ರಾಣೆಬೆನ್ನೂರಿನ ಬಸ್ಸಿಗೆ ನಿಂತಳು. ಬಂದ ಎರಡು ಬಸ್ಸುಗಳಲ್ಲಿ ಜಾಗವಿತ್ತು; ಆದರೂ ಹತ್ತಲಿಲ್ಲ. ಮೂರನೆಯದಕ್ಕೆ ಹತ್ತಿದಳು.

ಮನೆಗಳು ಎದ್ದವು. ಛಾವಣಿ ಹಾಕುವ ಮೊದಲೇ ಶಶಿಕಾಂತನಿಗೆ ರಾಯಚೂರಿನ ಕಡೆ ವರ್ಗವಾಯಿತು. ಹೋಗುವ ಮುಂಚೆ ಫೋನಿನಲ್ಲಿ ಗಟಾರಿನ ಇಳಿಜಾರಿನ ಬಗ್ಗೆ ಹತ್ತು ನಿಮಿಷ ಮಾತಾಡಿದ, ಅಷ್ಟೇ. ಮರುವರ್ಷದ ಬೇಸಿಗೆಗೆ ಹೆಂಗಸರು ಒಕ್ಕಲು ಬಂದರು. ಎಲ್ಲವೂ ಅವಳೆಣಿಸಿದಂತೆ ಆಗಲಿಲ್ಲ. ಮೂರು ಮನೆಯವರು ಮುಂದಿನ ಬಚ್ಚಲಲ್ಲಿ ಕಟ್ಟಿಗೆ ಒಟ್ಟಿದರು. ಒಬ್ಬಳು ಅಲ್ಲಿ ಆಡು ಕಟ್ಟಿದಳು. ಮೊಣಕೈ ತೋಟಿಗಳು ಒಂದೊಂದೇ ಕೆಟ್ಟು, ಸಾದಾ ತೋಟಿ ಬಂದವು.

ಕರೆವ್ವನ ಸುದ್ದಿಯನ್ನು ತಂದವನು ಮೌಲಾಸಾಬ. "ಐರಣಿಯಿಂದ ಮಗಳು ಬಂದಿದ್ಲು ನೋಡ್ರಿ ಅಕ್ಕಾರ, ಕೂಸಿನ್ನ ಕರ್ಕೊಂಡು. ಕರೆವ್ವ ಕೆಲಸದಿಂದ ಬಂದ್ಲು, ನೀರು ಬಿಟ್ಕೊಂಡು ಚಲೋತ್ನಂಗ ಕೈ ತೊಳದ್ಲು, ಎಣ್ಣಿ ಹಚ್ಚಿದ್ಲು, ವರಸ್ಕೊಂಡ್ಲು. ಮಗಳು ಕೂಸಿನ್ನ ಕೊಡಾಕ ಹೋದ್ಲು. ಇಕಿ ಎರಡೂ ಕೈ ಮ್ಯಾಲೆತ್ತಿ ನಿಂತಬಿಟ್ಲರಿ! ತೊಳದ ಕೈ! ಮಗಳು ಅಳಕೋಂತ ನಗಕೋಂತ ಆ ಕೈ ಹಿಡದು ಕೆಳಗ ಎಳದ್ಲು."

ಜ್ಯೋತ್ಸ್ನಾ ಕಿಟಕಿಯ ಕಡೆ ತಿರುಗಿ ನಿಂತಳು. ಮೌಲಾಸಾಬ ಮುಂದಿನ ಕೆಲಸದ ಮಾತು ತೆಗೆದ.

ಎರಡು ಸಾವಿರದ ಎಂಟರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವಳ ಆಫೀಸಿಗೆ ರಾಯಚೂರಿನ ಕಡೆಯಿಂದ ಶಶಿಕಾಂತನ ಫೋನು ಬಂತು. "ಇಲ್ಲಿ ಅರವತ್ತು ಮನಿ ಅದಾವು. ನಿಮ್ಮ ನಕ್ಷಾ ಇಟ್ಕೊಂಡು ಮಾಡಬೇಕಂತೇನಿ. ನಡೀತೈತಿಲ್ರಿ?"

"ನಡೀತದ. ಅಲ್ಲಿ ಹೆಂಗಸರು ಏನು ಮಾಡ್ತಾರ?"

"ಬೀಡಿ ಕಟ್ತಾರ. ಬೆಳಕು ಸಾಲೂದಿಲ್ಲ ಅಂತಾರ. ಕಿಟಕಿ ಎಲ್ಲಿ ಇಡ್ಲಿ?"

"ಅವರು ಎಲ್ಲಿ ಕುಂದರ್ತಾರ? ಯಾವ ಕಡೆ ಮುಖ ಮಾಡಿ?"

ಆ ಕಡೆ ಮಳೆಯ ಸದ್ದು ಕೇಳಿಸುತ್ತಿತ್ತು. "ಕೇಳಿಲ್ಲ," ಎಂದ. "ಇವತ್ತ ಹೋಗಿ ಕೇಳ್ತೇನಿ. ನಾಳೆ ಮುಂಜಾನೆ ಫೋನ್ ಮಾಡ್ಲಿ?"

"ಮಾಡು," ಎಂದಳು.

ಅವಳು ಹಾಳೆ ಹರಡಿ, ತಾನೆಂದೂ ನೋಡದ ಆ ಊರಿನ ಒಂದು ಮನೆಯ ನಾಲ್ಕು ಗೋಡೆ ಎಳೆದಳು. ಕಿಟಕಿಯ ಜಾಗವನ್ನು ಹಾಗೇ ಬಿಟ್ಟಳು. ಮರುದಿನ ಹಾವೇರಿಯಲ್ಲಿ ಅವಳಿಗೆ ಕೆಲಸವಿತ್ತು, ಫೋನು ಬರುವ ಹೊತ್ತಿಗೆ ಆಫೀಸು ಬಿಟ್ಟು ಮುಂಜಾನೆಯೇ ಹೊರಡಬೇಕಿತ್ತು. ಹೋಗಲಿಲ್ಲ.