ಸಂಜೆಗೆ ಬರುವ ಅಣ್ಣ

ಮಹಾಲಯ ಅಮಾವಾಸ್ಯೆಯ ದಿನ ಮಸಾಲೆ ರುಬ್ಬಿ ಮುಗಿಸುವಷ್ಟರಲ್ಲೇ ವಸಂತಮ್ಮನಿಗೆ ಸಾಕುಸಾಕಾಗಿ ಹೋಗಿತ್ತು. ರಾಮಕೃಷ್ಣನಗರದ ಆ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದು ಹೊಸದೇನಲ್ಲ. ಸತ್ತವರ ಫೋಟೊ ಮುಂದೆ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಕೋಣೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು. ಹಿರಿಯರು ಬಂದು ಉಂಡು ಹೋದರು ಅನ್ನಿಸುವಷ್ಟು ಹೊತ್ತಾದ ಮೇಲೆ ಬಾಗಿಲು ತೆಗೆದು ಮನೆಯವರು ಉಣ್ಣುವುದು. ಈ ಸಲದ ಫಜೀತಿಯೇ ಬೇರೆ. ಎಡೆ ಇಡಬೇಕಾಗಿದ್ದದ್ದು ಗಂಡನ ಅಣ್ಣ ಸಣ್ಣಮಾದಯ್ಯನಿಗೆ. ಸಣ್ಣಮಾದಯ್ಯ ತೀರಿಕೊಂಡದ್ದು ಗಂಡ ಮರಿಸ್ವಾಮಿಗೇ ನೆನಪಿಲ್ಲ.

ಬಸ್ ಡ್ರೈವರಾಗಿ ಊರೂರು ತಿರುಗಿದ್ದ ಮರಿಸ್ವಾಮಿಗೆ ಮರೆವಿನ ಕಾಯಿಲೆ ಹಿಡಿದ ಮೇಲೆ ಬೀದಿ ಮರೆತುಹೋಯಿತು, ಹೆಂಡತಿಯ ಹೆಸರೂ ಆಗಾಗ ಮರೆತುಹೋಗುತ್ತಿತ್ತು. ಸಾಕಿ ಬೆಳೆಸಿದ ಅಣ್ಣ ಮಾತ್ರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದ್ದ. ತಟ್ಟೆ ಮುಂದಿಟ್ಟರೆ "ಅಣ್ಣ ಬರ್ಲಿ" ಎಂದು ಕೈಕಟ್ಟಿ ಕೂರುತ್ತಿದ್ದ. ಮೊದಮೊದಲು ವಸಂತಮ್ಮ ಇದ್ದದ್ದನ್ನು ಇದ್ದಂಗೇ ಹೇಳಿದಳು. ಹೇಳಿದಾಗಲೆಲ್ಲ ಆತ ಈಗಷ್ಟೇ ಸುದ್ದಿ ಕೇಳಿದವನಂತೆ ಎದೆ ಬಡಿದುಕೊಂಡು ಅತ್ತ, ಉಪವಾಸ ಮಲಗಿದ, ಬೆಳಗ್ಗೆ ಎದ್ದು ಮತ್ತೆ "ಅಣ್ಣ ಎಲ್ಲಿ?" ಎಂದ. ಒಂದೇ ಸಾವನ್ನು ದಿನಾ ಸಾರುವುದು ಯಾರ ಕೈಲಾಗುತ್ತೆ? ಆಮೇಲಾಮೇಲೆ ಆಕೆ "ಸಂಜೆ ಬತ್ತಾರೆ, ನೀವು ಉಣ್ಣಿ" ಅನ್ನುವುದನ್ನು ಕಲಿತಳು. ಆತ ಉಂಡ.

ಮನೆಯಲ್ಲೇ ಇದ್ದ ಮಗಳು ಶಾಲಿನಿಗೆ ಇದು ಹಿಡಿಸಿರಲಿಲ್ಲ.

"ಸುಳ್ಳು ಹೇಳಿ ಹೇಳಿ ಅಪ್ಪನ್ನ ನೀನೇ ಇನ್ನಷ್ಟು ಕೆಡಿಸ್ತಿದ್ದೀಯ ಕಣಮ್ಮ."

"ಆಯ್ತು, ನೀನು ನಿಜ ಹೇಳಿ ಒಂದು ತುತ್ತು ಉಣ್ಸು, ನೋಡಾನ."

ಹಾರ ಹಾಕಿದ ಫೋಟೊ ಮರಿಸ್ವಾಮಿಯ ಕಣ್ಣಿಗೆ ಬಿದ್ದರೆ ಇವತ್ತಿಡೀ ಗೋಳು. ಹಾಗಂತ ಮನೆ ಎತ್ತಿ ನಿಲ್ಲಿಸಿದ ಭಾವನಿಗೆ ಎಡೆ ತಪ್ಪಿಸುವ ಹಾಗೂ ಇಲ್ಲ. ಕೊನೆಗೆ ಗಂಡನನ್ನು ಕೈಹಿಡಿದು ಎದುರುಮನೆಗೆ ಕರೆದೊಯ್ದಳು. ಅಲ್ಲಿದ್ದವರು ದೊರೆಸ್ವಾಮಿ, ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟು ರಿಟೈರಾದವರು.

"ಒಂದು ಗಳಿಗೆ ಇವರನ್ನ ಕೂರಿಸ್ಕೊಳ್ಳಿ ಸಾರ್. ಅಲ್ಲಾ, ಇಷ್ಟೊಂದು ಓದಿದ್ದೀರ, ನಿಜ ಅಂದ್ರೆ ಏನು ಅಂತ ನನ್ ಮಗಳಿಗೊಂದಿಷ್ಟು ಹೇಳಬಾರದಾ?"

ದೊರೆಸ್ವಾಮಿ ನಕ್ಕರು. "ಕತ್ತಲಲ್ಲಿ ಹಗ್ಗ ಕಂಡು ಹಾವು ಅಂತ ಬೆಚ್ಚಿಬೀಳ್ತೀವಲ್ಲ, ದೀಪ ತಂದರೆ ಹಾವು ಹೋಯ್ತು, ಹಗ್ಗ ಉಳೀತು. ಉಳಿಯೋದು ನಿಜ ಅಂತ ಹೇಳ್ತಿದ್ದೆ ಕಣಮ್ಮ, ಮೂವತ್ತು ವರ್ಷ."

"ನಾನೂ ದೀಪ ತಂದು ತಂದು ಇಟ್ಟೆ ಸಾರ್. ಇವರಿಗೆ ದಿನಾ ಬೆಳಗ್ಗೆ ಮತ್ತೆ ಕತ್ತಲಾಗುತ್ತೆ."

ಅವರು ಮರಿಸ್ವಾಮಿಗೆ ಕುರ್ಚಿ ಎಳೆದು ಕೊಟ್ಟರು. "ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಕಾಫಿ ಇದೆ. ನೀವು ಹೋಗಿ ಬನ್ನಿ."

ವಸಂತಮ್ಮ ಎಡೆಯಿಟ್ಟಳು. ಮುದ್ದೆ, ಮಟನ್ ಸಾರು, ವಡೆ, ಪಕ್ಕದಲ್ಲಿ ಭಾವ ಸೇದುತ್ತಿದ್ದ ಬೀಡಿಕಟ್ಟು. ಧೂಪ ಹಾಕಿ ಕೈಮುಗಿದು ಅಮ್ಮ ಮಗಳು ಹೊರಗೆ ಬಂದು ಬಾಗಿಲು ಮುಚ್ಚಿದರು. ಧೂಪದ ಘಮ ಬೀದಿ ದಾಟಿತ್ತು. ಗೇಟು ಕಿರ್ರೆಂದಿತು. ಮರಿಸ್ವಾಮಿ ಬಂದೇಬಿಟ್ಟಿದ್ದ, ಹಿಂದೆಯೇ ಚಪ್ಪಲಿ ಇಲ್ಲದೆ ಓಡಿಬಂದ ದೊರೆಸ್ವಾಮಿ.

"ತಡೆಯೋಕಾಗಲಿಲ್ಲ ಕಣಮ್ಮ," ಎಂದರು ಏದುಸಿರು ಬಿಡುತ್ತ.

"ಬಾಗಿಲು ಯಾಕೆ ಮುಚ್ಚಿದ್ದೀರಿ? ಒಳಗ್ಯಾರು?" ಎಂದ ಮರಿಸ್ವಾಮಿ.

ವಸಂತಮ್ಮ ಮಗಳ ಮುಖ ನೋಡಿದಳು. ಯಾವಾಗಲೂ ನಿಜದ ಪರ ನಿಲ್ಲುತ್ತಿದ್ದ ಶಾಲಿನಿ ತುಟಿ ಕಚ್ಚಿ ಹೇಳಿದಳು: "ದೊಡ್ಡಪ್ಪ ಉಣ್ತಾವ್ರೆ, ಅಪ್ಪ."

ಅವಳು ಹೇಳಿದ್ದು ಸುಳ್ಳು ಅನ್ನುವ ಹಾಗಿರಲಿಲ್ಲ. ಆ ಹೊತ್ತಿನಲ್ಲಿ ಇಂಥ ಎಷ್ಟೋ ಮನೆಗಳಲ್ಲಿ, ಬುದ್ಧಿ ನೆಟ್ಟಗಿರುವವರೇ, ಬಾಗಿಲು ಮುಚ್ಚಿಕೊಂಡು ಇದೇ ಮಾತು ನಂಬಿ ನಿಂತಿದ್ದರು.

ಮರಿಸ್ವಾಮಿ ಕಾಯಲಿಲ್ಲ. ಬಾಗಿಲು ತಳ್ಳಿದ. ಕುಂಕುಮವಿಟ್ಟ ಫೋಟೊ, ಹಾರ, ಎಲೆ. ಬಗ್ಗಿ ಎಲೆಯನ್ನೇ ದಿಟ್ಟಿಸಿದ.

"ಏನೂ ಮುಟ್ಟೇ ಇಲ್ವಲ್ಲ."

"ಅವರು ಉಣ್ಣೋದು ಹಂಗೇ ಕಣ್ರೀ."

ಆತ ಫೋಟೊದ ಹಾರವನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ. ಗುರುತು ಹಿಡಿದು ನೋಡುವ ಆ ನೋಟ ಕಂಡು ಎಷ್ಟು ದಿನವಾಗಿತ್ತೋ.

"ಅಣ್ಣ ಹೋಗ್ಬುಟ್ನಾ, ವಸಂತ?"

"ಹೂಂ."

"ಮತ್ತೆ ಸಂಜೆ ಬತ್ತಾನೆ ಅಂತಿದ್ದೆ?"

ಬೈಗುಳಕ್ಕೆ ಆಕೆ ತಯಾರಾಗಿದ್ದಳು, ಈ ಮೆತ್ತನೆ ಮಾತಿಗಲ್ಲ. "ನೀವು ಉಣ್ಣಲಿ ಅಂತ ಅಂದೆ," ಎಂದಳು.

ಆತ ಎದೆ ಬಡಿದುಕೊಳ್ಳಲಿಲ್ಲ. ಕಣ್ಣೊರೆಸಿಕೊಂಡು ನೆಲದ ಮೇಲೆ ಕೂತ. "ನೀನು ಉಂಡ್ಯಾ?"

"ಇಲ್ಲ. ಎಡೆ ಆಗೋವರೆಗೂ ಉಣ್ಣೋ ಹಂಗಿಲ್ವಲ್ಲ."

"ಕೂತ್ಕೊ ಮತ್ತೆ. ಮುಖ ನೋಡು, ಹೆಂಗೆ ಬಾಡೋಗದೆ."

ಮೂವರೂ ಎಲೆಯ ಸುತ್ತ ಕೂತರು. ದೊರೆಸ್ವಾಮಿ ಸದ್ದಿಲ್ಲದೆ ಗೇಟು ಎಳೆದುಕೊಂಡು ಹೋದರು. ಮರಿಸ್ವಾಮಿ ನಾಲ್ಕು ತುತ್ತು ಉಂಡು ಅಲ್ಲೇ ತೂಕಡಿಸತೊಡಗಿದಾಗ ಶಾಲಿನಿ ಮೆಲ್ಲಗೆ ಕೇಳಿದಳು.

"ನಾಳೆ ಮತ್ತೆ ಅಣ್ಣ ಬಂದ್ನಾ ಅಂದ್ರೆ ಏನು ಹೇಳ್ಲಮ್ಮ?"

"ತಟ್ಟೆ ನೋಡ್ಕೊಂಡು ಕೇಳಿದ್ರೆ ಸಂಜೆ ಬತ್ತಾರೆ ಅನ್ನು. ಹಿಂಗೆ ಮುಖ ನೋಡಿ ಕೇಳಿದ್ರೆ ನಿಜ ಹೇಳ್ಬುಡು."

ಅಷ್ಟು ಹೇಳಿ ವಸಂತಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದಳು. ಶಾಲಿನಿ ಪಾತ್ರೆಗಳನ್ನು ಒಟ್ಟುಮಾಡತೊಡಗಿದಳು.